ಹಂದರಗಂಬದ ಬುಡದ ವೈರು

ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಪಡಸಾಲೆಯಲ್ಲಿ ಕುಳಿತಿದ್ದೆ. ಘಾಟಿಗೆ ಸೀನು ಹತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಬಬಲೇಶ್ವರದಿಂದ ಖಾಲಾನ ಮಗಳು. "ಅಮ್ಮಾ ಹೋದಳ್ರಿ ಅಕ್ಕಾ, ನಸಿಕಿನ್ಯಾಗ..." ಎಂದಳು. ಕಣ್ಣು ತುಂಬಿದವು, ಕೈಯೆಲ್ಲ ಖಾರ, ಒರೆಸಿಕೊಳ್ಳುವಂತಿರಲಿಲ್ಲ. ಹಾಗೇ ಇಳಿಯಲು ಬಿಟ್ಟೆ. ಆಮೇಲೆ ಎಣ್ಣೆ ಹಚ್ಚಿ ಕೈ ತೊಳೆದು ಬಂದು, ಅಂಗಳದ ದೀಪದ ಕಂಬಗಳನ್ನು ನೋಡುತ್ತ ಕುಳಿತೆ.

ನಮ್ಮದು ತಿಕೋಟಾ. ಖಾಲಾ ಗೋಡೆಯಾಚೆಯ ಮನೆಯವರು; ಉರ್ದುವಿನಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಯಜಮಾನರು ಇದ್ದಾಗ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಗಂಡ ಊಟಕ್ಕೆ ಕುಳಿತು ಆಡಿದ್ದನ್ನೆಲ್ಲ ಕೇಳಿ ಕೇಳಿ, ಕರೆಂಟಿನ ವಿದ್ಯೆ ತಮಗೂ ಬಂದಿದೆ ಎಂದು ಖಾಲಾ ನಂಬಿದ್ದರು. ಅರ್ಧ ಬಂದಿತ್ತು. ಉಳಿದರ್ಧಕ್ಕೆ ದನಿ ಏರಿಸುತ್ತಿದ್ದರು.

ನಮ್ಮ ಬಚ್ಚಲು, ಸಂಡಾಸು ಎರಡೂ ಅಂಗಳದ ಆ ತುದಿಗೆ. ಮಗಳ ಮದುವೆಯ ಮುಂಚೆ ನಮ್ಮ ಯಜಮಾನರು ಉಮೇದಿನಿಂದ ಅಲ್ಲಿಯವರೆಗೆ ನಾಲ್ಕು ಗಿಡ್ಡ ಕಂಬ ನಿಲ್ಲಿಸಿ, ನೆಲದೊಳಗೆ ವೈರು ಎಳೆಸಿ ದೀಪ ಹಾಕಿಸಿದ್ದರು. ಅವಸರದಲ್ಲಿ ಪೈಪು ಸಾಲದೆ ನಡುವೆ ಒಂದಿಷ್ಟು ವೈರನ್ನು ಹಾಗೇ ಹೂತರು. ಆ ವರ್ಷ ಮಳೆಯೇ ಆಗಲಿಲ್ಲ; ಬೇಸಿಗೆ, ಚಳಿಗಾಲ ಚೆನ್ನಾಗಿ ಉರಿದವು. ಮರುವರ್ಷ ಮೊದಲ ಮಳೆ ಬಿದ್ದದ್ದೇ ತಡ, ದೀಪ ಹಾಕಿದ ಕೂಡಲೇ ಬೋರ್ಡಿನ ದೊಡ್ಡ ಸ್ವಿಚ್ಚು ಟಪ್ಪೆಂದು ಬೀಳತೊಡಗಿತು. ಅಂಗಳ ಕತ್ತಲಾಯಿತು.

ಮಗಳು ಚೊಚ್ಚಿಲ ಬಸುರಿ. ಅವಳನ್ನು ಹೆರಿಗೆಗೆ ಕರೆತರಲು ಅವತ್ತೇ ನಮ್ಮವರು ವಿಜಯಪುರದ ಜೋರಾಪುರ ಪೇಟೆಗೆ ಹೊರಟಿದ್ದರು. ಅವಳ ಗಂಡನ ಮನೆ ಅಲ್ಲಿ. ತುಂಬಿದ ಬಸುರಿ ರಾತ್ರಿ ಎಷ್ಟು ಸಲ ಏಳುತ್ತಾಳೆಂಬುದು ಹೆತ್ತವರಿಗೆ ಗೊತ್ತು. ಆ ವಾರವೇ ಬಚ್ಚಲ ಕಲ್ಲಿನ ಕೆಳಗೆ ಚೇಳು ಕಂಡಿತ್ತು. ಬೆಳಿಗ್ಗೆ ಬಂದ ವೈರಿಂಗಿನವನು ನೋಡಿ, "ನೆಲದಾಗ ಎಲ್ಲಿ ಕೆಟ್ಟೈತಿ ಅಂತ ಹೆಂಗ ಹೇಳೂದ್ರಿ ವೈನಿ? ಪೂರಾ ಅಂಗಳಾ ಅಗೀಬೇಕು. ನಾಳಿ ಆಳು ಕರಕೊಂಡು ಬರತೇನಿ" ಎಂದು, ಕಳ್ಳಕವಟಗಿಯ ಒಂದು ತೋಟದ ಕೆಲಸಕ್ಕೆ ಹೊರಟುಹೋದ.

ನಾಳೆ ಆಗುವಂತಿರಲಿಲ್ಲ. ಬಸುರಿ ಇರುವ ಮನೆಯಲ್ಲಿ ನೆಲ ಅಗೆಯಬಾರದು. ನಮ್ಮತ್ತೆ ಪಾಲಿಸಿದ್ದು, ನಾನೂ ಪಾಲಿಸಿಕೊಂಡು ಬಂದದ್ದು. ಅಂದರೆ ಹೆರಿಗೆಯಾಗುವವರೆಗೂ ಕತ್ತಲೆಯೇ. ಗೋಡೆಯ ಹತ್ತಿರ ನಿಂತು ಖಾಲಾನಿಗೆ ಇದನ್ನೆಲ್ಲ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡೆ.

ಖಾಲಾ ಎಲೆ ಅಗಿಯುವುದನ್ನು ನಿಲ್ಲಿಸಿದರು. "ನಿನ್ನ ಮಗಳು ಈಗ ಎಲ್ಲಿ ಅದಾಳ ಬೇ?"

"ಅಕಿನ ಗಂಡನ ಮನ್ಯಾಗ."

"ಮತ್ತ ಈ ಮನ್ಯಾಗ ಯಾರು ಬಸುರಿ ಅದಾರ? ನೀ ಏನ? ನಾ ಏನ? ಅಕಿ ಬಾಗಲಿಗೆ ಬರೂದ್ರಾಗ ಮುಗಸು!"

ಅಳುತ್ತಿದ್ದ ನಾನು ನಕ್ಕುಬಿಟ್ಟೆ. ದೇವರು ಕೆಲವೊಮ್ಮೆ ದಾರಿಯನ್ನು ಗೋಡೆಯಾಚೆಯಿಂದ ತೋರಿಸುತ್ತಾನೆ.

ಪೂರಾ ಅಂಗಳ ಅಗೆಯುವುದು ಇಬ್ಬರು ಹೆಂಗಸರಿಂದ ಆಗುವ ಮಾತಲ್ಲ. ಕೆಟ್ಟ ಜಾಗ ಸಿಕ್ಕರೆ ಸಾಕಿತ್ತು. ಖಾಲಾ ತಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಅದರ ಮೇಲೆ ಹತ್ತಿ ನಿಂತು ಗೋಡೆಯ ಮೇಲಿಂದ ಹುಕುಂ ಕೊಡತೊಡಗಿದರು. "ದೊಡ್ಡ ಸ್ವಿಚ್ಚು ಇಳಿಸಿದಿ? ಮತ್ತೊಮ್ಮಿ ನೋಡಿ ಬಾ. ಕಾಲಾಗ ಚಪ್ಪಲಿ ಹಾಕ್ಕೋ." ಪ್ರತಿ ಕಂಬದ ಬುಡದಲ್ಲೂ ವೈರು ಕೂಡಿಸಿದ ಒಂದು ಡಬ್ಬಿ ಇತ್ತು. ಮೊದಲು ಎರಡನೆಯ ಕಂಬದ ಡಬ್ಬಿ ಬಿಚ್ಚಿ, ಮುಂದಕ್ಕೆ ಹೋಗುವ ವೈರನ್ನು ಬೇರೆ ಮಾಡಿದೆ. ತುದಿಗೆ ಟೇಪು ಸುತ್ತಿ ಡಬ್ಬಿ ಮುಚ್ಚಿ, ಒಳಗೆ ಹೋಗಿ "ತಂದೇ, ಕಾಪಾಡು" ಎಂದು ಸ್ವಿಚ್ಚು ಏರಿಸಿದೆ.

ಎರಡು ದೀಪ ಹತ್ತಿದವು. ಸ್ವಿಚ್ಚು ಬೀಳಲಿಲ್ಲ!

"ನಾ ಹೇಳಲಿಲ್ಲೇನ, ಬಚ್ಚಲದ ಕಡೆನ ಕೆಟ್ಟೈತಿ. ನೀರಿದ್ದಲ್ಲೇ ಕೆಡೂದು!" ಎಂದು ಖಾಲಾ ಕುರ್ಚಿಯ ಮೇಲೆಯೇ ಕುಣಿದರು.

ನನಗೆ ಸಮಾಧಾನವಾಗಲಿಲ್ಲ. ಮತ್ತೆ ಎಲ್ಲ ಬಂದ್ ಮಾಡಿ, ಆ ವೈರು ಮೊದಲಿನಂತೆ ಕೂಡಿಸಿ, ಮೂರನೆಯ ಕಂಬದಲ್ಲಿ ಬಚ್ಚಲ ಕಡೆಯದನ್ನು ಬೇರೆ ಮಾಡಿದೆ. ಸ್ವಿಚ್ಚು ಏರಿಸಿದೆ. ಟಪ್. ಬಚ್ಚಲಿನದಲ್ಲ. ಕೆಟ್ಟದ್ದು ಎರಡನೆಯ ಮತ್ತು ಮೂರನೆಯ ಕಂಬದ ನಡುವೆ.

ಮದುವೆಯಲ್ಲಿ ಹಂದರಗಂಬ ನೆಟ್ಟದ್ದು ಅಲ್ಲೇ. ನನ್ನಣ್ಣ ಹಾರೆಯಿಂದ ಗುಣಿ ತೋಡಿ, ಐದು ಜನ ಮುತ್ತೈದೆಯರು ಪೂಜೆ ಮಾಡಿ ನೆಟ್ಟ ಕಂಬ. ಕಿತ್ತಮೇಲೆ ಆ ಗುಣಿಗೆ ನಾನೇ ಮಣ್ಣು ತುಂಬಿ, ಮೇಲೊಂದು ಕಲ್ಲಿಟ್ಟು ದಿನಾ ಹೂವು ಏರಿಸುತ್ತಿದ್ದೆ. ವೈರಿಗೆ ಹಾರೆ ತಗಲಿದ್ದರೆ ಅಲ್ಲೇ ತಗಲಿರಬೇಕು... ಆದರೆ ಮಗಳ ಸೌಭಾಗ್ಯದ ಜಾಗವನ್ನು ನನ್ನ ಕೈಯಾರೆ ಅಗೆಯುವುದು ಹೇಗೆ?

"ಒಲ್ಲೆ ಖಾಲಾ. ಅಕಿಗೆ ಏನರ ಆದ್ರ?"

ಖಾಲಾ ಈ ಸಲ ದನಿ ಏರಿಸಲಿಲ್ಲ. "ಆ ಕಂಬ ಯಾರ ಸಲುವಾಗಿ ಹುಗದಿದ್ರಿ?"

"ಅಕಿನ ಸಲುವಾಗಿ."

"ಈಗ ಯಾರ ಸಲುವಾಗಿ ಅಗಿಯಾಕತ್ತೀ? ಅಕಿನ ಸಲುವಾಗೇ ಅಲ್ಲೇನ? ಅದಕ್ಕ್ಯಾಕ ಸಿಟ್ಟು ಬರತೈತಿ, ಹುಚ್ಚಿ?"

ಅಷ್ಟೊತ್ತಿಗೆ ಯಜಮಾನರ ಫೋನು: ಜೀಪು ವಿಜಯಪುರ ಬಿಟ್ಟಿದೆ.

ಸ್ವಿಚ್ಚು ಇಳಿದಿರುವುದನ್ನು ನೋಡಿ ಬಂದೆ. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಕಲ್ಲನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟು ಕುರ್ಪಿ ಹಿಡಿದೆ. ಮಳೆಯ ಮಣ್ಣು ಬೆಣ್ಣೆಯಂತೆ ಬಂತು. ಮೊಳದಾಳಕ್ಕೆ ವೈರು ಕಂಡಿತು. ಮೇಲಿನ ಸಿಪ್ಪೆ ಸೀಳಿ, ಒಳಗಿನ ತಾಮ್ರ ಹಸಿರುಗಟ್ಟಿತ್ತು. "ಸಿಕ್ತು ಖಾಲಾ!" ಎಂದು ಕೂಗಿದ್ದು ಓಣಿಗೆಲ್ಲ ಕೇಳಿರಬೇಕು. "ಯಾ ಅಲ್ಲಾ, ಮುಟ್ಟಬ್ಯಾಡ ಬೇ!" ಎಂದು ಅವರು ಕೂಗಿದ್ದು ಅದರ ಆಚೆಯ ಓಣಿಗೂ ಕೇಳಿರಬೇಕು.

ಫೋನು ಮಾಡಿದೊಡನೆ ವೈರಿಂಗಿನವನು ಗಾಡಿ ಓಡಿಸಿಕೊಂಡು ಬಂದ. ಕೆಟ್ಟ ತುಂಡು ಕತ್ತರಿಸಿ, ಹೊಸದು ಕೂಡಿಸಿ, ನೀರು ಹೋಗದಂತೆ ಬಂದೋಬಸ್ತು ಮಾಡಿ, ಪೈಪು ತೊಡಿಸಿದ. "ಇಲ್ಲೇ ಐತಿ ಅಂತ ಯಾರು ಹುಡುಕಿದ್ರಿ?" ಎಂದು ಕೇಳಿದ. "ನಾನು!" ಎಂದು ಗೋಡೆಯ ಮೇಲಿಂದ ಉತ್ತರ ಬಂತು. ಖುಷಿ ಇಬ್ಬರಿಗೂ ಸಾಲುವಷ್ಟಿತ್ತು.

ಮಣ್ಣು ಮುಚ್ಚಿ, ಕಲ್ಲು ಇಟ್ಟು, ಸಗಣಿ ಸಾರಿಸುವುದಕ್ಕೂ ಜೀಪಿನ ಹಾರ್ನು ಕೇಳುವುದಕ್ಕೂ ಸರಿಹೋಯಿತು. ಮಗಳು ಇಳಿದವಳೇ, "ಅವ್ವಾ, ಇಲ್ಲಿ ಯಾಕ ಹಸಿ ಐತಿ?" ಎಂದಳು.

"ನಿಮ್ಮವ್ವ ಬಂಗಾರ ಹುಗದಿದ್ಲು. ನಾ ನೋಡಿಬಿಟ್ಟೆ ಅಂತ ತಗದ್ಲು!" ಎಂದರು ಖಾಲಾ.

ಹೊತ್ತು ಮುಳುಗಿದ ಮೇಲೆ ನಾಲ್ಕೂ ದೀಪ ಹಾಕಿದೆ. ಮಗಳು ಸೊಂಟಕ್ಕೆ ಕೈ ಕೊಟ್ಟುಕೊಂಡು ಒಬ್ಬಳೇ ಆ ತುದಿಗೆ ಹೋಗಿ, ನಿಧಾನ ತಿರುಗಿ ಬಂದಳು. ಒಂದು ಹುಳವೂ ಅವಳ ಕಾಲಿಗೆ ಅಡ್ಡ ಬರಲಿಲ್ಲ. ಆ ಸಂಜೆಯಷ್ಟು ಗೆದ್ದ ಭಾವನೆ ನನಗೆ ಮತ್ತೆ ಬಂದದ್ದು ಮೊಮ್ಮಗಳನ್ನು ಎತ್ತಿಕೊಂಡಾಗಲೇ. ಹೆರಿಗೆ ಸುಸೂತ್ರವಾಯಿತು. ವೈರು ಮೊಳದಾಳದಲ್ಲೇ ಸಿಕ್ಕಿತು, ಯಾರಿಗೂ ಕರೆಂಟು ಹೊಡೆಯಲಿಲ್ಲ, ಜೀಪು ಹಾದಿಯಲ್ಲಿ ಚಹಾಕ್ಕೆ ನಿಂತಿತ್ತಂತೆ... ದೇವರು ಕೊಟ್ಟದ್ದನ್ನು ಎಣಿಸಲು ಕುಳಿತರೆ ಮುಗಿಯುವುದಿಲ್ಲ.

ಮೊಣಕಾಲು ಸೋತಮೇಲೆ ಖಾಲಾ ಬಬಲೇಶ್ವರಕ್ಕೆ ಮಗಳ ಮನೆಗೆ ಹೋದರು. ಗೋಡೆಯಾಚೆ ಈಗ ಬೇರೆಯವರಿದ್ದಾರೆ, ಒಳ್ಳೆಯವರೇ. ಆದರೆ ಒಳಗೊಳಗೇ ಹೆದರಿದಾಗ ಹುಚ್ಚಿ ಎಂದು ಬೈದು ಮುಂದಕ್ಕೆ ನೂಕುವವರು ಇನ್ನಿಲ್ಲ.

ಸಾವಿನ ಮನೆಯಲ್ಲಿ ಇವತ್ತು ಒಲೆ ಹಚ್ಚುವುದಿಲ್ಲ. ಬಂದ ನೆಂಟರು, ಮೊಮ್ಮಕ್ಕಳು ಊಟಕ್ಕೆ ಕಾಯುತ್ತಿರುತ್ತಾರೆ. ಮಧ್ಯಾಹ್ನದ ಬಸ್ಸು ಸಿಕ್ಕರೆ ಹೊತ್ತಿಗೆ ಮುಟ್ಟುತ್ತೇನೆ. ಎದ್ದು ಜೋಳದ ಹಿಟ್ಟು ಜರಡಿ ಹಿಡಿದು, ರೊಟ್ಟಿಗೆ ಎಸರಿಟ್ಟೆ.