ಹೆಸರು ಕೊರೆದ ಡಬ್ಬಿ

ಗೆಳೆಯರೇ, ವಿಚ್ಛೇದನದ ನಂತರ ಮೂಡಲಗಿಯ ಒಂದೇ ಕೋಣೆಯಲ್ಲಿ ಕಡಿಮೆ ಸಾಮಾನಿನಲ್ಲಿ ಬದುಕೋಣವೆಂದು ಮದುವೆಯ ಉಡುಗೊರೆಗಳನ್ನೆಲ್ಲ ಇವತ್ತು ಹೊರಗಿಟ್ಟೆ. ಮಗಳ ಮದುವೆ ಗೊತ್ತುಮಾಡಿರುವ ಚಿಗವ್ವ, ನನ್ನ ಅವ್ವನ ತಂಗಿ, ಅವನ್ನು ಒಯ್ಯಲು ಘೋಡಗೇರಿಯಿಂದ ಬಂದಳು. ನನ್ನ ಮತ್ತು ಗಂಡನಾಗಿದ್ದವನ ಹೆಸರು ಕೊರೆದಿದ್ದ, ಜೋಳ ತುಂಬುವ ದೊಡ್ಡ ಸ್ಟೀಲ್ ಡಬ್ಬಿಯನ್ನೇ ಮೊದಲು ಕೊಟ್ಟೆ. ಅವಳು ಮುಟ್ಟಲಿಲ್ಲ.

"ಬ್ಯಾಡವಾ, ಸಂಸಾರ ಮುರದವರ ಹೆಸರ ಐತಿ. ಅಪಶಕುನ."

"ಹಂಗಾದ್ರ ಮಿಕ್ಸರ್, ಕಪಾಟ?"

"ಅವಕ್ಕೇನ ಆಗೂದಿಲ್ಲ ಬಿಡ. ಹೆಸರ ಇಲ್ಲಲ್ಲ."

ಅವೆರಡನ್ನೂ ಬಾಡಿಗೆಯ ಟಂಟಂ ಗಾಡಿಗೆ ಏರಿಸಿದಳು. ಆಮೇಲೆ ಒಳಗೆ ಬಂದು, ನಾನು ಓದಲು ಕೂರುವ ಒಂದೇ ಒಂದು ಕುರ್ಚಿಯನ್ನು ತಿರುವಿ ನೋಡಿದಳು. "ಇದರ ಮ್ಯಾಲೂ ಇಲ್ಲ" ಎಂದು ಅದನ್ನೂ ಎತ್ತಿಕೊಂಡಳು.

ಈಗ ಡಬ್ಬಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವನ ಹೆಸರು ನನ್ನ ಭಾರ ಹೊತ್ತದ್ದು ಇದೇ ಮೊದಲು.