ನಡುವಿನ ಸೊಸೆ ವಿಧವೆಯಾದ ಮೇಲೆ

ನನ್ನ ಗಂಡ ತೀರಿಕೊಂಡಿದ್ದು ಒಂದು ಸೋಮವಾರದ ಸಂಚಿಕೆಯಲ್ಲಿ. ಅವರಿಗೆ ಬೇರೊಂದು ವಾಹಿನಿಯ ಧಾರಾವಾಹಿಯಲ್ಲಿ ನಾಯಕನ ಪಾತ್ರ ಸಿಕ್ಕಿತ್ತು. ಹಾಗಾಗಿ ತಿರುವಿನಲ್ಲಿ ಕಾರು ಪಲ್ಟಿ ಹೊಡೆಯಿತು. ಫೋಟೋಗೆ ಹಾರ ಹಾಕಿದ ದಿನ ಅವರೇ ಸೆಟ್ಟಿಗೆ ಬಂದು, ಈ ಫೋಟೋದಲ್ಲಿ ನಾನು ದಪ್ಪ ಕಾಣ್ತೀನಿ, ಬೇರೆಯದು ಹಾಕಿ ಎಂದು ಹೇಳಿ, ನಮ್ಮ ಜೊತೆ ಕೂತು ಊಟ ಮಾಡಿಕೊಂಡು ಹೋದರು.

ಆ ಧಾರಾವಾಹಿಯಲ್ಲಿ ನಾನು ನಡುವಿನ ಸೊಸೆ. ಬಹಳ ವರ್ಷಗಳಿಂದ ಅದೇ ಪಾತ್ರ. ಶುರುವಿನಲ್ಲಿ ನನ್ನ ಕೆಲಸವೆಂದರೆ ಬಾಗಿಲ ಮರೆಯಲ್ಲಿ ನಿಂತು, ಒಳಗಿನ ಮಾತು ಕೇಳಿಸಿಕೊಂಡು ಬೆಚ್ಚಿಬೀಳುವುದು. ಬೆಚ್ಚುವುದನ್ನು ಚೆನ್ನಾಗಿ ಮಾಡುತ್ತೇನೆಂದು ಹೆಸರಾಯಿತು. ಆಮೇಲೆ ದೊಡ್ಡ ಸೊಸೆಯ ಹಾಲಿಗೆ ಏನೋ ಬೆರೆಸುವ ಮಟ್ಟಕ್ಕೆ ಬೆಳೆದೆ. ಸಾಕಷ್ಟು ದಿನ ಕೆಟ್ಟವಳಾಗಿದ್ದು, ಒಂದು ಶುಕ್ರವಾರ ದೇವಸ್ಥಾನದ ಮೆಟ್ಟಿಲ ಮೇಲೆ ಜಾರಿ ಬಿದ್ದು ಒಳ್ಳೆಯವಳಾದೆ. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ವಿಧವೆಯಾದೆ.

ನಮ್ಮ ಮನೆ ಗೆಜ್ಜಲಗೆರೆಯಲ್ಲಿ. ನಿಜವಾದ ಗಂಡ ಅಲ್ಲೇ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಶೂಟಿಂಗ್ ಇದ್ದಾಗ ನಾನು ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ಮನೆಯಲ್ಲಿ ಅತ್ತೆ ಇದ್ದಾರೆ, ಗಂಡನ ತಾಯಿ, ಆತಗೂರು ಕಡೆಯವರು. ನನ್ನ ಗಂಡ ತೊಟ್ಟಿಲಲ್ಲಿದ್ದಾಗಲೇ ಮಾವ ತೀರಿಕೊಂಡರಂತೆ. ಆ ವಿಷಯವನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಕಾರು ಪಲ್ಟಿಯಾದ ಮಾರನೆಯ ಬೆಳಿಗ್ಗೆ ಪಕ್ಕದ ಬೀದಿಯ ಹೆಂಗಸರು ಕೆಲವರು ಬಂದು ನಮ್ಮ ಜಗುಲಿಯ ಮೇಲೆ ಸುಮ್ಮನೆ ಕೂತರು. ನನ್ನ ಗಂಡ ಆಗತಾನೆ ಪಾಳಿ ಮುಗಿಸಿ ಬಂದಿದ್ದರು. ಅವರೇ ಎಲ್ಲರಿಗೂ ಕಾಫಿ ತಂದುಕೊಟ್ಟರು.

"ಎಂತಾ ಕಾಲ ಬಂತು ನೋಡವ್ವ," ಎಂದರು ಅವರಲ್ಲಿ ಹಿರಿಯರೊಬ್ಬರು. "ಇನ್ನೂ ವಯಸ್ಸಾಗಿರ್ನಿಲ್ಲ."

"ನಾನು ಚೆನ್ನಾಗಿವ್ನಿ ಕಣಕ್ಕ," ಎಂದರು ನನ್ನ ಗಂಡ.

"ನೀನಿರ್ತೀಯ ಬುಡಪ್ಪ. ನಿನ್ ಇಸ್ಯ ಅಲ್ಲ ಇದು."

ನನ್ನ ಗಂಡ ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ವಾರವೇ ಮದ್ದೂರು ಬಸ್ ಸ್ಟ್ಯಾಂಡ್ ಹತ್ತಿರ ಹೂ ಮಾರುವಾಕೆಯಲ್ಲಿ ಒಂದು ಮೊಳ ಮಲ್ಲಿಗೆ ಕೇಳಿದೆ. ಅಳೆದ ಕೈಯನ್ನು ಹಾಗೇ ನಿಲ್ಲಿಸಿ ಆಕೆ ನನ್ನ ಮುಖ ನೋಡಿದರು. ಹೂವನ್ನು ಪುನಃ ಬುಟ್ಟಿಗೆ ಹಾಕಿದರು.

"ನಿಂಗೆ ಎಂಗವ್ವ ಕೊಡ್ಲಿ?"

ಬೈಕಿನ ಮೇಲೆ ಕೂತಿದ್ದವರನ್ನು ತೋರಿಸಿ, "ನೋಡಿ, ನನ್ನ ಗಂಡ ಅಲ್ಲೇ ಇದ್ದಾರೆ," ಎಂದೆ.

ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇಸ್ಟು ಬೇಗ್ನಾ?" ಎಂದರು.

ಮನೆಗೆ ಬಂದು ಇದನ್ನು ಹೇಳಿದಾಗ ಗಂಡ ನಕ್ಕರು. ಅತ್ತೆ ನಗಲಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಟೀವೀಲಿ ಬಳೆ ಒಡ್ಕಂಡ್ಯಲ್ಲ, ಅದು ಅಂಗಲ್ಲ ಕಣವ್ವ," ಎಂದರು.

ಆ ದೃಶ್ಯದಲ್ಲಿ ನಾನು ಕಿರುಚಿಕೊಂಡು ಓಡಿಬಂದು ಕಂಬಕ್ಕೆ ಕೈ ಬಡಿದುಕೊಂಡಿದ್ದೆ. ಸರಿಯಾದ ಹೊತ್ತಿಗೆ ತುರುಬೂ ತಾನಾಗಿ ಬಿಚ್ಚಿಕೊಂಡಿತ್ತು. ನಿರ್ದೇಶಕರು ಚಪ್ಪಾಳೆ ತಟ್ಟಿದ್ದರು.

"ಮತ್ತೆ ಹೇಗಿರುತ್ತೆ?" ಎಂದು ಕೇಳಿದೆ.

"ನಂಗೆಲ್ಲಿ ಅಳು ಬಂತು? ಒಲೆ ಮೇಲೆ ಸಾರು ಮಡಗ್ಬುಟ್ಟು ಬಂದಿದ್ದೆ. ಅದು ತಳ ಇಡೀತದೇನೋ ಅಂತ ಒಂದೇ ಗ್ಯಾನ. ಎದ್ದೋಗಿ ಇಳ್ಸಾನ ಅಂದ್ರೆ ಬುಡ್ನಿಲ್ಲ, ಇಡ್ಕಂಡು ಕೂರ್ಸಿದ್ರು. ಬಳೆ ಒಡ್ದಿದ್ದೂ ಅವ್ರೇಯ. ಚೂರು ಕೈ ಕುಯ್ತು. ಆವಾಗ ಅಳು ಬಂತು, ಕೈ ನೋವ್ಗೆ. ಗಂಡಂಗೆ ಅಳ್ತಾವ್ಳೆ ಅಂದ್ಕಂಡ್ರು ಎಲ್ಲಾರೂವೆ."

ನಾನು, "ಸಾರು?" ಎಂದೆ.

"ಸೀದೋಯ್ತು."

ಮುಂದಿನ ಬಾರಿ ಸೆಟ್ಟಿಗೆ ಹೋದಾಗ ತಿಥಿಯ ದೃಶ್ಯವಿತ್ತು. ಎಲ್ಲರೂ ಅಳುವಾಗ ನಾನು ಅಡುಗೆಮನೆಯ ಕಡೆ ನೋಡುತ್ತೇನೆ ಎಂದು ನಿರ್ದೇಶಕರಿಗೆ ಹೇಳಿದೆ. ನೋಡುವವರು ನಿಮಗೆ ಹಸಿವಾಗಿದೆ ಅಂದುಕೊಳ್ಳುತ್ತಾರೆ ಎಂದರು ಅವರು. ಕೊನೆಗೆ ಎರಡೂ ರೀತಿ ಮಾಡಿಸಿದರು. ಪ್ರಸಾರವಾಗಿದ್ದು ಗ್ಲಿಸರಿನ್ ಹಾಕಿಕೊಂಡು ಅತ್ತದ್ದು. ಆದರೆ ನಡುವೆ ಒಂದು ಚೂರು, ನಾನು ಒಲೆಯ ಕಡೆ ತಿರುಗಿದ್ದನ್ನು ಡೋಲಿನ ಸದ್ದಿನ ಜೊತೆ ಅಂಟಿಸಿದ್ದರು.

"ಅದು ಸರ್ಯಾಗೇ ಅದೆ," ಎಂದರು ಅತ್ತೆ. "ಆ ಡಂ ಡಂ ಯಾಕೆ?"

ಕಥೆ ಬರೆಯುವ ಹುಡುಗಿಗೂ ಅದು ಹಿಡಿಸಿತ್ತು. ಫೋನ್ ಮಾಡಿ, ಇದು ಎಲ್ಲಿಂದ ಬಂತು ಎಂದು ಕೇಳಿದಳು. ಹೇಳಿದೆ. ಅಂದಿನಿಂದ ಆಕೆ ಮುಂದಿನ ಕಥೆಗೆ ಅತ್ತೆಯನ್ನು ಏನಾದರೂ ಕೇಳಿ ಎನ್ನುವುದು, ನಾನು ಸಂಜೆ ಕೇಳುವುದು, ಹೀಗೆ ನಡೆಯಿತು. ಅಷ್ಟು ವರ್ಷ ಬಾಯಿ ಬಿಡದವರು, ಧಾರಾವಾಹಿಗೆ ಎಂದ ಕೂಡಲೇ ಹೇಳತೊಡಗಿದರು. ಮದುವೆ ಮನೆಗಳಲ್ಲಿ ಮುಂದೆ ನಿಲ್ಲಬೇಡ ಎಂದು ನೆಂಟರು ಅವರಿಗೆ ಅಂದರಂತೆ. "ಸರಿ ಅಂತ ಅಡುಗೆ ಕಡೀಕೆ ಓದೆ. ಅನ್ನಕ್ಕೆ ಎಲ್ರೂ ಅಲ್ಲಿಗೇ ಬರ್ಬೇಕಲ್ಲ." ನಡುವಿನ ಸೊಸೆಯೂ ಅಡುಗೆಮನೆಗೆ ಹೋದಳು. ಆಮೇಲೆ ಗಂಡ ಬಿಟ್ಟುಹೋದ ಆಲೆಮನೆಗೆ ಹೋಗಿ, ಬೆಲ್ಲ ಕಾಯಿಸುವುದನ್ನು ನಿಂತು ನೋಡಿಕೊಂಡಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಪಾತ್ರ ಏನಾದರೂ ಮಾಡುವ ಮೊದಲು ಅದನ್ನು ಯಾಕೆ ಮಾಡುತ್ತಾಳೆ ಎಂದು ನನಗೆ ಗೊತ್ತಿರುತ್ತಿತ್ತು.

ಆಗ ವಾಹಿನಿಯವರಿಗೆ ಹೊಸ ನಾಯಕ ಬೇಕಾಯಿತು. ನಡುವಿನ ಸೊಸೆಗೆ ಮರುಮದುವೆ ಎಂದರು. ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡು, ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.

"ಏನ್ ಕೆಲ್ಸ ಅವುನ್ಗೆ?"

"ಡಾಕ್ಟ್ರು."

"ಆ ಎಣ್ಮಗ್ಳ ಕೇಳಿದ್ರಾ?"

ಅದನ್ನೆಲ್ಲ ಬರೆಯುವವರು ನೋಡಿಕೊಳ್ಳುತ್ತಾರೆ ಎಂದೆ.

"ನನ್ನೂ ಯಾರೂ ಕೇಳ್ನಿಲ್ಲ," ಎಂದರು. "ಮಳವಳ್ಳಿ ಕಡೆಯಿಂದ ಒಂದು ಸಮ್ಮಂದ ಬಂದಿತ್ತು. ನಮ್ಮಣ್ಣ ಬಾಗ್ಲಲ್ಲೇ ಬ್ಯಾಡ ಅಂದು ಕಳಿಸ್ಬುಟ್ಟ. ನಂಗೆ ಗೊತ್ತಾಗಿದ್ದು ಅವುನ್ಗೆ ಬೇರೆ ಮದ್ವೆ ಆದ್ಮೇಲೆ."

ನನ್ನ ಗಂಡನ ಕೈಯ ತುತ್ತು ತಟ್ಟೆಯಲ್ಲೇ ಉಳಿಯಿತು. ಅವರಿಗೂ ಗೊತ್ತಿರಲಿಲ್ಲ.

"ಕೇಳಿದ್ರೆ ಏನಂತಿದ್ದವ್ವ?" ಎಂದರು.

"ಏನೋ. ಯೋಚ್ನೆ ಮಾಡ್ತಿದ್ದೆ. ಮಾಡಾಕಾದ್ರೂ ಬುಡ್ಬೇಕಿತ್ತು," ಎಂದು ಮಗನ ತಟ್ಟೆಗೆ ಸಾರು ಬಡಿಸಿದರು. "ಉಣ್ಣು."

ಧಾರಾವಾಹಿಯಲ್ಲಿ ಹಿರಿಯರೆಲ್ಲ ಕೂಡಿದಾಗ ನಡುವಿನ ಸೊಸೆ, "ಯೋಚನೆ ಮಾಡಿ ಹೇಳ್ತೀನಿ," ಎಂದಳು. ಹೇಳಿ ಯೋಚಿಸತೊಡಗಿದಳು. ಆಲೆಮನೆಯಲ್ಲಿ ಯೋಚಿಸಿದಳು, ಬಸ್ಸಿನಲ್ಲಿ ಯೋಚಿಸಿದಳು. ಒಂದು ಸಂಚಿಕೆ ಪೂರ್ತಿ ಬಟ್ಟೆ ಮಡಿಸುತ್ತಾ ಯೋಚಿಸಿದಳು. ನೋಡುವವರು ಕಡಿಮೆಯಾದರು. ಡಾಕ್ಟರ್ ಪಾತ್ರದವರು ನನಗೆ ಫೋನ್ ಮಾಡಿ, ಮೇಡಂ, ಇನ್ನೂ ಎಷ್ಟು ದಿನ ಎಂದು ವಿಚಾರಿಸಿದರು. ಅತ್ತೆ ಮಾತ್ರ ಒಂದು ಸಂಚಿಕೆಯನ್ನೂ ಬಿಡಲಿಲ್ಲ. ಏನೂ ಆಗದ ಆ ಸಂಚಿಕೆಗಳನ್ನು ಟೀವಿಗೆ ಹತ್ತಿರ ಕೂತು ನೋಡಿದರು. ಜಾಹೀರಾತು ಬಂದಾಗಲೂ ಏಳುತ್ತಿರಲಿಲ್ಲ.

ಕೊನೆಗೆ ನಡುವಿನ ಸೊಸೆ ಒಪ್ಪಿದಳು. ಡಾಕ್ಟರ ಒಪ್ಪಂದ ಮೊದಲೇ ಆಗಿದ್ದರಿಂದ ಬೇರೆ ದಾರಿ ಇರಲಿಲ್ಲ. ಮದುವೆಯ ಸಂಚಿಕೆ ಮುಗಿದಾಗ ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ನೋಡದವಳ ಹಾಗೆ ರಿಮೋಟ್ ಹುಡುಕಿದೆ.

ಈಗ ಡಾಕ್ಟರಿಗೆ ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿದೆ. ನಾನು ಹೆಂಡತಿಯೆಂದೇ ಅವರಿಗೆ ಗೊತ್ತಿಲ್ಲ. ಮೊನ್ನೆ ಶೂಟಿಂಗಿಗೆ ಹೊರಟಾಗ ಅತ್ತೆ ಬಾಗಿಲವರೆಗೂ ಬಂದರು.

"ನೀನಾಗಿ ಅವುನ್ಗೆ ಏನೂ ನೆಪ್ಪು ಮಾಡ್ಬ್ಯಾಡ ಕಣವ್ವ," ಎಂದರು. "ಒಸಿ ದಿನ ಆರಾಮಾಗಿರು."