ವೇಲ್ಸ್‌ನ ಒಕ್ಕಲುಗಳು, ಧಾರವಾಡದವರ ಕಾರು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನ್ಯೂಜೆರ್ಸಿಯಲ್ಲಿ ನಮಗೆ ಗೊತ್ತಿದ್ದ ಕನ್ನಡಿಗರೆಲ್ಲ ಸೇರಿದರೂ ಒಂದು ಮನೆಯ ಬೇಸ್‌ಮೆಂಟ್ ತುಂಬುತ್ತಿರಲಿಲ್ಲ. ಅವರಲ್ಲಿ ಡಾಕ್ಟರು, ಇಂಜಿನಿಯರು ಬಿಟ್ಟರೆ ಉಳಿದವನು ನಾನೊಬ್ಬ. ಏನು ಓದುತ್ತಿದ್ದೀರಿ ಎಂದು ವಿಚಾರಿಸಿದವರು ನನ್ನ ಉತ್ತರ ಮುಗಿಯುವ ಮೊದಲೇ ಸಾರು ಬಡಿಸಿಕೊಳ್ಳಲು ಎದ್ದು ಹೋಗುತ್ತಿದ್ದರು. ನನ್ನ ಪಿಎಚ್.ಡಿ. ವಿಷಯ, ಬ್ರಿಟನ್ನಿನ ವೇಲ್ಸ್ ಸೀಮೆಯ ಒಂದು ಪಾರ್ಲಿಮೆಂಟ್ ಕ್ಷೇತ್ರದ ಚುನಾವಣೆಗಳ ಇತಿಹಾಸ. ಆ ಕ್ಷೇತ್ರವೂ ಈಗ ಇಲ್ಲ, ಎಂದೋ ಪಕ್ಕದ ಕ್ಷೇತ್ರದೊಳಗೆ ಸೇರಿಹೋಗಿದೆ. ನಾನು ವೇಲ್ಸ್ ಕಂಡವನಲ್ಲ. ಅಷ್ಟೇ ಏಕೆ, ಜನ್ಮದಲ್ಲಿ ಒಂದು ವೋಟೂ ಹಾಕಿದವನಲ್ಲ. ಮೈಸೂರಿನಲ್ಲಿದ್ದಾಗ ವೋಟಿಗೆ ಬೇಕಾದ ಇಪ್ಪತ್ತೊಂದು ತುಂಬಿರಲಿಲ್ಲ, ಇಲ್ಲಿ ಪೌರತ್ವವಿರಲಿಲ್ಲ. ಆದರೂ ಮತದಾರನ ಮನಸ್ಸನ್ನು ನನ್ನಷ್ಟು ಬಲ್ಲವರಿಲ್ಲ ಎಂಬ ಗತ್ತಿಗೇನೂ ಕಡಿಮೆ ಇರಲಿಲ್ಲ.

ಹಿಂದೆ ಅಲ್ಲಿ ಎಲ್ಲರೆದುರು ಬಾಯಿಬಿಟ್ಟು ಹೇಳಿ ವೋಟು ಹಾಕಬೇಕಿತ್ತು. ಒಕ್ಕಲುಗಳೆಲ್ಲ ತಮ್ಮ ಜಮೀನ್ದಾರನಿಗೇ ಹಾಕುತ್ತಿದ್ದರು. ಆಮೇಲೆ ಗುಪ್ತ ಮತದಾನ ಬಂತು. ನನ್ನ ಕ್ಷೇತ್ರದಲ್ಲಿ ಆಗಲೂ ಅದೇ ಜಮೀನ್ದಾರ ಮನೆತನದವನೇ ಗೆದ್ದ. ಹೊಲ ಬಿಡಿಸುತ್ತಾನೆಂಬ ಭಯ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂದು ನಾನು ಇಡೀ ಅಧ್ಯಾಯವನ್ನೇ ಬರೆದೆ. ನನ್ನ ಪ್ರೊಫೆಸರು ಓದಿ, “ಅವನು ಅವರಿಗೆ ಇಷ್ಟವಾಗಿದ್ದಿರಬಹುದಲ್ಲ?” ಎಂದು ಕೇಳಿದರು. ಇದಕ್ಕೆ ಸರಿಯಾದ ಉತ್ತರ ಕೊಡುವ ತನಕ ಸಹಿ ಹಾಕುವುದಿಲ್ಲ ಎಂದರು. ಸಹಿಯಿಲ್ಲದೆ ಪದವಿಯಿಲ್ಲ, ಪದವಿಯಿಲ್ಲದೆ ಕೆಲಸವಿಲ್ಲ, ವೀಸಾ ಬೇರೆ ಮುಗಿಯುತ್ತ ಬಂದಿತ್ತು. ನಾನು ಮಾತ್ರ ಒಂದಕ್ಷರ ಬದಲಿಸುವುದಿಲ್ಲವೆಂದು ಪಟ್ಟು ಹಿಡಿದು ಕುಳಿತೆ.

ಆಗಲೇ ನಮ್ಮವರಿಗೆ ಕನ್ನಡ ಸಂಘ ಕಟ್ಟುವ ಹುಮ್ಮಸ್ಸು ಬಂದದ್ದು. ಒಂದು ಭಾನುವಾರ ಮಧ್ಯಾಹ್ನ ಓಲ್ಡ್ ಬ್ರಿಡ್ಜ್‌ನ ಡಾಕ್ಟರೊಬ್ಬರ ಬೇಸ್‌ಮೆಂಟಿನಲ್ಲಿ ಬಿಸಿಬೇಳೆಭಾತ್ ಮುಗಿಸಿ ಅಧ್ಯಕ್ಷರ ಆಯ್ಕೆಗೆ ಕುಳಿತೆವು. ಧಾರವಾಡದ ಇಂಜಿನಿಯರೊಬ್ಬರ ಹೆಸರು ಬಂತು. ಅವರಿಗೆ ಮಾರಿಸ್‌ಟೌನ್‌ನಲ್ಲಿ ಕೆಲಸ, ದೊಡ್ಡ ಸ್ಟೇಷನ್ ವ್ಯಾಗನ್ ಕಾರು. ನನ್ನನ್ನೂ ನನ್ನ ಹೆಂಡತಿಯನ್ನೂ ಸೇರಿಸಿ ಕಾರಿಲ್ಲದವರನ್ನೆಲ್ಲ ಮನೆಮನೆಯಿಂದ ಹತ್ತಿಸಿಕೊಂಡು ಬಂದವರು ಅವರೇ. ಪಟಪಟನೆ ಕೈಗಳು ಮೇಲೆದ್ದವು. ನೋಡುತ್ತೇನೆ, ಮೊದಲು ಎದ್ದ ಕೈಗಳೆಲ್ಲ ಅವರ ಕಾರಿನಲ್ಲಿ ಬಂದವರವೇ! ನಾನು ಲೈಬ್ರರಿಯಲ್ಲಿ ಹುಡುಕುತ್ತಿದ್ದ ಒಕ್ಕಲುಗಳು ಇಲ್ಲಿ ಹಪ್ಪಳ ತಿನ್ನುತ್ತ ಕುಳಿತಿದ್ದರು.

“ಇದು ಸರಿಯಿಲ್ಲ,” ಎಂದು ಎದ್ದು ನಿಂತೆ. “ಎಲ್ಲರ ಮುಂದೆ ಕೈ ಎತ್ತಿಸಿದ್ರೆ ಭಯ ಇರತ್ತೆ. ಸೀಕ್ರೆಟ್ ಬ್ಯಾಲಟ್ ಮಾಡೋಣ.”

“ಯಾರಿಗ್ರೀ ಭಯ?” ಎಂದು ಧಾರವಾಡದವರು ನಿಜವಾಗಿಯೂ ಅರ್ಥವಾಗದೆ ಸುತ್ತ ನೋಡಿದರು. “ಆತು, ಮಾಡೋಣು. ಆದ್ರ ಎದುರಿಗೆ ಒಬ್ಬರರ ನಿಲ್ಲಬೇಕಲ್ರೀ?”

ಯಾರೂ ಮುಂದೆ ಬರಲಿಲ್ಲ. ಹೀಗಾಗಿ ನಾನೇ ನಿಂತೆ. ಗೆದ್ದರೆ, ಮೊದಲು ಕೈ ಎತ್ತಿದ್ದು ಭಯದಿಂದ ಎಂದು ಸಾಬೀತಾಗುತ್ತದೆ. ಸೋತರೆ, ಭಯ ಇನ್ನೂ ಹೋಗಿಲ್ಲವೆಂದು ಸಾಬೀತಾಗುತ್ತದೆ. ಎರಡೂ ಕಡೆಯಿಂದ ನನ್ನ ಅಧ್ಯಾಯಕ್ಕೇ ಜಯ. ಇಂಥ ತಲೆ ಇದ್ದವನಿಗೆ ಪ್ರೊಫೆಸರು ಯಾಕೆ ಸಹಿ ಹಾಕಲಿಲ್ಲವೆಂದು ಈಗ ಅರ್ಥವಾಗುತ್ತದೆ.

ವಾಷಿಂಗ್ ಮಷೀನಿನ ಹಿಂದೆ ಒಬ್ಬೊಬ್ಬರಾಗಿ ಹೋಗಿ ಚೀಟಿಯಲ್ಲಿ ಹೆಸರು ಬರೆದು ಪಾತ್ರೆಗೆ ಹಾಕಬೇಕಿತ್ತು. ನನ್ನ ಸರದಿ ಬಂತು. ಜನ್ಮದ ಮೊದಲ ವೋಟು. ಪೆನ್ಸಿಲ್ ಎತ್ತಿಕೊಂಡೆ. ಆಮೇಲೆ ಧಾರವಾಡದವರ ಹೆಸರು ಬರೆದು, ಮಡಿಸಿ ಹಾಕಿ ಬಂದೆ.

ಡಾಕ್ಟರು ಚೀಟಿಗಳನ್ನು ಬಿಡಿಸಿ ಓದಿದರು. ನನಗೆ ಬಂದದ್ದು ಒಂದೇ ವೋಟು. ತಮ್ಮದೇ ಕಾರಿನಲ್ಲಿ ಬಂದಿದ್ದವರೂ ಧಾರವಾಡದವರಿಗೇ ಹಾಕಿದ್ದರು. ಅವರಿಗೆ ಯಾವ ಭಯ? ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆ ಒಂದಾದರೂ ನನ್ನ ಹೆಂಡತಿಯದೆಂದು ಸಮಾಧಾನ ಮಾಡಿಕೊಂಡೆ.

ಸೋತ ಅಭ್ಯರ್ಥಿ ಗೆದ್ದ ಅಭ್ಯರ್ಥಿಯ ಕಾರಿನಲ್ಲೇ ಮನೆಗೆ ಹೊರಟ. ಬೇರೆ ದಾರಿ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಥ್ಯಾಂಕ್ಸ್ ಹೇಳಿದೆ.

“ಯಾಕೆ? ನಾನು ಇವರಿಗೇ ಹಾಕಿದ್ದು,” ಎಂದಳು ಅವಳು, ಮೆಲ್ಲಗಲ್ಲ. “ಸ್ನೋ ಬಿದ್ದಾಗ ಅದನ್ನೆಲ್ಲ ಎತ್ತಿಹಾಕಿ ನಮ್ಮ ಮೆಟ್ಟಿಲು ಶವಲ್ ಮಾಡ್ಕೊಟ್ಟಿದ್ದು ಇವರು. ನೀವು ಒಳಗೆ ಕೂತು ವೇಲ್ಸ್ ಓದ್ತಾ ಇದ್ರಿ.”

ಧಾರವಾಡದವರು ಗಹಗಹಿಸಿ ನಕ್ಕರು. “ಆ ಒಂದು ವೋಟು ನಂದ್ರೀ ಸರ! ನನ್ನ ಹೆಸರು ನಾನ ಹ್ಯಾಂಗ ಬರೀಲಿ? ನಿಮಗ ಹಾಕಿದೆ.” ಸ್ವಲ್ಪ ದೂರ ಹೋದ ಮೇಲೆ ಅವರಿಗೆ ಏನೋ ಹೊಳೆಯಿತು. “ಅಂದ್ರ ನೀವು ನನಗ ಹಾಕಿದ್ರಿ. ಯಾಕ್ರೀ?”

ಸಂಕೋಚಕ್ಕೆ ಹಾಕಿದೆನೆ? ನಾನು ಗೆದ್ದುಬಿಟ್ಟರೆ ಪ್ರತಿ ಶನಿವಾರ ಇವರ ಕಾರಿನಲ್ಲಿ ಅಂಗಡಿಗೆ ಹೋಗುವುದು ನಿಲ್ಲುತ್ತದೆಂದು ಹೆದರಿದೆನೆ? ಅಥವಾ ಅವರೇ ಯೋಗ್ಯರೆಂದು ನನಗೂ ಗೊತ್ತಿತ್ತೆ? ಬರೆದದ್ದು ನನ್ನದೇ ಕೈ, ಕಾರಣ ಮಾತ್ರ ಸಿಗಲಿಲ್ಲ. ನೂರು ವರ್ಷದ ಹಿಂದಿನ ಒಕ್ಕಲುಗಳ ಮನಸ್ಸನ್ನು ಮಾತ್ರ ಅಂಗೈ ಮೇಲಿಟ್ಟು ತೋರಿಸಿದ್ದೆನಲ್ಲ ಎಂದು ನಾಚಿಕೆಯಾಯಿತು.

ಆ ವಾರ ಪ್ರೊಫೆಸರು, “ಭಯವೋ, ಇಷ್ಟವೋ?” ಎಂದು ಮತ್ತೆ ಕೇಳಿದರು.

“ಗೊತ್ತಿಲ್ಲ,” ಎಂದೆ.

“ಹಾಗೇ ಬರೆ,” ಎಂದರು ಅವರು. ಹಾಗೇ ಬರೆದೆ. ಅಧ್ಯಾಯ ಅರ್ಧಕ್ಕರ್ಧ ಕುಗ್ಗಿತು, ಸಹಿ ಸಿಕ್ಕಿತು.

ಪದವಿ ಪ್ರದಾನದ ದಿನ ನಮ್ಮನ್ನು ಕರೆದೊಯ್ದದ್ದೂ ಅದೇ ಸ್ಟೇಷನ್ ವ್ಯಾಗನ್. ಬಾಡಿಗೆಯ ಗೌನು ಎತ್ತಿಕೊಂಡು ಇಳಿಯುತ್ತಿದ್ದಾಗ ಸಂಘದ ಅಧ್ಯಕ್ಷರು ಬಿಡಲಿಲ್ಲ. “ಈಗರ ಹೇಳ್ರೀ ಡಾಕ್ಟ್ರ, ಅವತ್ತು ಯಾಕ ಹಾಕಿದ್ರಿ?”

“ನಿಮ್ಮನ್ನ ಕಂಡ್ರೆ ಇಷ್ಟ, ಅದಕ್ಕೆ,” ಎಂದೆ.

ಅವರ ಮುಖ ಅರಳಿತು. ಸಂಜೆ ಮನೆಗೆ ವಾಪಸ್ ಹೋಗಲು ನಮಗೆ ಬೇರೆ ಕಾರು ಇರಲಿಲ್ಲ ಎಂಬುದೂ ನಿಜ.